ಹಿಟ್ಟಿನಲ್ಲಿ ಮೂಡಿದ ಎಡಗೈ

ಚಾಕುವಿಗೆ ಹಿಡಿ ಮಾಡಿಸಲು ಯಾರೇ ಬರಲಿ, ಬಾಲ್ಬಾರಾ ಮೊದಲು ಅವರ ಕೈಗೆ ಒಂದು ಮುದ್ದೆ ಹಿಟ್ಟು ಕೊಡುತ್ತಿದ್ದಳು. ‘ಗಟ್ಟಿಯಾಗಿ ಹಿಡ್ಕೋ, ಮೊಲ ಸುಲಿಯೋವಾಗ ಹಿಡ್ಕೋತೀಯಲ್ಲ ಹಾಗೆ’ ಅನ್ನುವಳು. ಬೆರಳಚ್ಚು ಬಿದ್ದ ಮುದ್ದೆಯನ್ನು ಒಲೆಯ ಹಿಂದೆ ಒಣಗಲು ಇಡುವಳು. ಉತ್ತರದ ಹಿಮಸೀಮೆಯ ವಿಲ್ಯುಯ್ ನದಿಯ ದಂಡೆಯ ಆ ಹಳ್ಳಿಯಲ್ಲಿ ಅವಳು ಶಾಲೆಯ ಅಡುಗೆಯವಳು. ಮೂವತ್ತು ವರ್ಷ ಹಿಟ್ಟು ನಾದಿದವಳಿಗೆ ಬೇರೆ ಅಳತೆಪಟ್ಟಿ ತೋಚಲಿಲ್ಲ. ಗಂಡನ ಚಾಕುವಿನ ಹಿಡಿ ಒಂದು ಚಳಿಗಾಲ ಸೀಳಿದಾಗ ಕುತೂಹಲಕ್ಕೆ ತಾನೇ ಒಂದು ಕೆತ್ತಿ ಕೂರಿಸಿದ್ದಳು. ಗಂಡ ಹೋಗಿ ಒಂಬತ್ತು ವರ್ಷವಾಯಿತು, ಆ ಹುಚ್ಚು ಹೋಗಲಿಲ್ಲ.

ಸೆಪ್ಟೆಂಬರಿನ ಮೊದಲ ಇಬ್ಬನಿ ಹೆಪ್ಪುಗಟ್ಟಿದ ದಿನ ಟ್ರ್ಯಾಕ್ಟರ್ ಓಡಿಸುವ ಮೆಹೀಲೆ ಒಂದು ಹೊಸ ಅಲಗು ತಂದ. ಕೈಗೆ ಹಿಟ್ಟು ಕೊಟ್ಟರೆ, ‘ಅಯ್ಯೋ, ಕೈಯೆಲ್ಲಾ ಎಣ್ಣೆ ಬಾಲ್ಬಾರಕ್ಕ. ಮನೇಲಿ ತೊಳ್ಕೊಂಡು ಒತ್ತಿ ತರ್ತೀನಿ’ ಎಂದು ಮುದ್ದೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಮರುದಿನ ಅವನು ತಂದ ಅಚ್ಚನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳುಗಳು ಸಣ್ಣವು. ಹೆಬ್ಬೆರಳು ಬಿದ್ದದ್ದು ತಿರುಗುಮುರುಗಾಗಿ. ಹಿಟ್ಟಿನ ನಡು ಹಿಂಡಿ ಹಿಂಡಿ ಸೊರಗಿಹೋಗಿತ್ತು.

‘ಯಾರ ಕೈಯೋ ಇದು?’

‘ನಂದೇ.’

‘ನಿಂದಾ? ಒಂದೇ ರಾತ್ರೀಲಿ ಬತ್ತಿಹೋಯ್ತಾ? ಅದೂ ಬಲಗಡೆಯಿಂದ ಎಡಗಡೆಗೆ ಹಾರಿಬಿಡ್ತಾ?’

ಮೆಹೀಲೆ ಟೋಪಿ ಸರಿಮಾಡಿಕೊಂಡ. ‘ಮಾಡಿಕೊಡಕ್ಕ, ಅಷ್ಟೇ. ಮೊದಲ ಹಿಮ ಬೀಳೋದ್ರೊಳಗೆ ಬೇಕು’ ಎಂದು ಹೊರಟೇಬಿಟ್ಟ.

ಅವನು ಹೋದಮೇಲೆ ಅವಳು ಅಲಗನ್ನು ತಿರುಗಿಸಿ ನೋಡಿದಳು. ಆ ಸೀಮೆಯ ಚಾಕುವಿಗೆ ಒಂದು ಮಗ್ಗುಲು ಉಬ್ಬು, ಇನ್ನೊಂದು ಮಗ್ಗುಲು ಚಪ್ಪಟೆ; ಚಪ್ಪಟೆ ಮಗ್ಗುಲಲ್ಲಿ ಉದ್ದಕ್ಕೆ ಒಂದು ಕಾಲುವೆ. ಇದರಲ್ಲಿ ಕಾಲುವೆ ಎಂದಿನ ಮಗ್ಗುಲು ಬಿಟ್ಟು ಎದುರು ಮಗ್ಗುಲಲ್ಲಿತ್ತು. ಕಮ್ಮಾರ ಇದನ್ನು ಎಡಗೈಯವರಿಗೆಂದೇ ಬಡಿದಿದ್ದ. ಹಾಗಾದರೆ ಯಾರು?

ಅಲ್ಲಿಂದ ಬಾಲ್ಬಾರಾಳ ಕಣ್ಣು ಊರವರ ಮುಖ ಬಿಟ್ಟು ಕೈಗೆ ಇಳಿಯಿತು. ಅಂಗಡಿಯಲ್ಲಿ ಚಹಾಪುಡಿ ಕಟ್ಟುವವಳ ಕೈ, ಅಂಚೆಯವಳ ಕೈ, ಗಣಿತದ ಮೇಡಂ ಸಾರಿಗೆ ಚಮಚ ಅದ್ದುವ ಕೈ. ಮೇಡಂ ಎಡಗೈಯವರೇ, ಆದರೆ ಬೆರಳು ಉದ್ದ. ‘ಏನ್ರೀ, ನನ್ನ ಉಂಗುರ ಕದಿಯೋ ಯೋಚನೆನಾ?’ ಎಂದು ಅವರು ನಕ್ಕರು.

ಕೆಲಸವನ್ನು ಅವಳು ನಿಲ್ಲಿಸಲಿಲ್ಲ. ಬರ್ಚ್ ಮರದ ಗಂಟೊಂದನ್ನು ಉಪ್ಪುನೀರಲ್ಲಿ ಕುದಿಸಿ ವರ್ಷವಿಡೀ ಒಣಗಿಸಿಟ್ಟಿದ್ದಳು. ಅದನ್ನು ಮೊಟ್ಟೆಯಾಕಾರಕ್ಕೆ ಒರಟಾಗಿ ಕೆತ್ತಿದಳು. ಅಲಗಿನ ಬಾಲ ಕೂರಲು ತೂತು ಕೊರೆದಳು. ಅಲ್ಲಿಗೆ ಕೈ ನಿಂತಿತು. ಅಚ್ಚಿನಂತೆ ಕೆತ್ತಿದರೆ ಹಿಡಿ ಕಡ್ಡಿಯಂತಾಗುತ್ತದೆ. ಯಾವ ಬೇಟೆಗಾರರೂ ಚಾಕುವನ್ನು ಹೀಗೆ ಹಿಂಡುವುದಿಲ್ಲ. ಬಾವಿಯೊಳಗೆ ಜಾರುವವರು ಹಗ್ಗವನ್ನು ಹಿಡಿಯುವುದು ಹೀಗೆ.

ಅರ್ಧ ಮಾಡಿದ ಹಿಡಿಯನ್ನು ಜೇಬಿಗೆ ಹಾಕಿಕೊಂಡು ಅವಳು ನೇರ ಮೆಹೀಲೆಯ ಮನೆಗೇ ಹೋದಳು.

ಬಾಗಿಲು ತೆರೆದೇ ಇತ್ತು. ಒಳಗೆ ಮೆಹೀಲೆಯ ತಾಯಿ ಸ್ಯೂಕ್ಲೆ ಮೇಜಿನ ಮುಂದೆ ಕೂತಿದ್ದಳು. ಆ ಸೀಮೆಯಲ್ಲಿ ಅವಳಷ್ಟು ಚೊಕ್ಕವಾಗಿ ತೊಗಲು ಸುಲಿಯುವವರು ಇರಲಿಲ್ಲ. ಫೆಬ್ರವರಿಯಲ್ಲಿ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಹಾಸಿಗೆ ಹಿಡಿದಿದ್ದಾಳೆ, ಯಾರನ್ನೂ ನೋಡುವುದಿಲ್ಲ ಎಂದೇ ಊರು ತಿಳಿದಿತ್ತು. ಈಗ ಅವಳು ಎಡಗೈಯಲ್ಲಿ ಅಡುಗೆಮನೆಯ ಚಾಕು ಹಿಡಿದು, ಮೊಳೆಗೆ ಚುಚ್ಚಿದ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

‘ನೋಡಿಬಿಟ್ಯಲ್ಲ! ಹೋಗು, ಡಂಗುರ ಹೊಡಿ ಈಗ,’ ಎಂದಳು ಸ್ಯೂಕ್ಲೆ. ಮಾತು ಸ್ವಲ್ಪ ತೊದಲಿತು.

‘ಎಷ್ಟು ದಿನದಿಂದ ಅಜ್ಜಿ?’

‘ಮೇ ತಿಂಗಳಿಂದ. ಬಲಗೈ ಮಲಗಿಬಿಟ್ಟಿದೆ, ಎಡಗೈಯನ್ನ ಒಂದನೇ ಕ್ಲಾಸಿಗೆ ಸೇರಿಸಿದೀನಿ. ದಡ್ಡಮುಂಡೇದು! ಮೂರು ಸಲ ಚಾಕುನ ಕಾಲ ಮೇಲೇ ಬೀಳಿಸ್ತು.’

ಬಾಲ್ಬಾರಾಳಿಗೆ ಅಚ್ಚಿನ ಗುಟ್ಟು ತಿಳಿಯಿತು. ಅದು ಚಾಕು ಬಿದ್ದುಹೋದೀತೆಂಬ ಭಯದ ಅಚ್ಚು. ಅವಳು ಮರುಕ ತೋರಿಸಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದು, ‘ಇನ್ನೊಂದು ಆಲೂಗಡ್ಡೆ ಹೆರಿ, ನೋಡೋಣ’ ಎಂದಳು. ಒಂದು ಗಂಟೆ ನೋಡಿದಳು. ಮಣಿಕಟ್ಟು ಎಲ್ಲಿ ಸೋಲುತ್ತದೆ, ಕಿರುಬೆರಳು ಎಲ್ಲಿ ತಪ್ಪಿಸಿಕೊಳ್ಳುತ್ತದೆ, ಎಲ್ಲ.

‘ನಿನ್ನ ಅಚ್ಚಿನ ಹಾಗೆ ನಾನು ಮಾಡಲ್ಲ. ಇದಕ್ಕಿಂತ ದಪ್ಪ ಮಾಡ್ತೀನಿ. ಹಿಡಿ ಕೈತುಂಬ ಇದ್ರೆ ಹಿಂಡೋ ಕೆಲಸ ಇರಲ್ಲ.’

‘ಕೊಟ್ಟ ಅಳತೆ ಬಿಟ್ಟು ಅಂಗಿ ಹೊಲಿಯೋ ದರ್ಜಿ ನೀನು!’

‘ನಾಳೆ ನಾಡಿದ್ದು ಈ ಕೈ ದೊಡ್ಡ ಕ್ಲಾಸಿಗೆ ಹೋಗುತ್ತಲ್ಲಜ್ಜಿ. ಆಗಲೂ ಬೇಕಲ್ವಾ?’

ಸ್ಯೂಕ್ಲೆ ಮತ್ತೊಂದು ಆಲೂಗಡ್ಡೆಯನ್ನು ಮೊಳೆಗೆ ಚುಚ್ಚಿದಳು. ಬೇಡವೆನ್ನಲಿಲ್ಲ.

ಬಾಲ್ಬಾರಾ ಹಿಡಿಯ ನಡುವಿಗೆ ಹೊಟ್ಟೆಯಂಥ ಉಬ್ಬು ಬಿಟ್ಟಳು, ಕಿರುಬೆರಳು ಜಾರದಂತೆ ತುದಿಯಲ್ಲಿ ಕೊಕ್ಕೆಯಷ್ಟು ತಿರುವು ಕೊಟ್ಟಳು. ಬಾಲವನ್ನು ಬೆಣೆ ಹೊಡೆದು ಬಿಗಿದಳು, ಅಗಸೆಯೆಣ್ಣೆ ಕುಡಿಸಿದಳು. ಮುದುಕಿ ಎರಡು ಸಲ ವಾಪಸು ಕಳಿಸಿದಳು: ಒಮ್ಮೆ ‘ಹೆಬ್ಬೆರಳಿಗೆ ಚುಚ್ಚುತ್ತೆ’, ಇನ್ನೊಮ್ಮೆ ‘ಹಂದಿಮರಿ ಹಿಡಿದ ಹಾಗಿದೆ’. ಎರಡು ಸಲವೂ ಬಾಲ್ಬಾರಾ ಕೂದಲೆಳೆಯಷ್ಟು ಹೆರೆದಳು.

ಅಕ್ಟೋಬರಿನಲ್ಲಿ ಗಂಡಸರು ಮೊಲದ ಬೇಟೆ ಮುಗಿಸಿ ಬಂದ ಮಧ್ಯಾಹ್ನ ಮೆಹೀಲೆ ತಾಯಿಯನ್ನು ಅಂಗಳಕ್ಕೆ ಕರೆತಂದ. ಒಂದು ಮೊಲವನ್ನು ಹಿಂಗಾಲು ಕಟ್ಟಿ ಗೂಟಕ್ಕೆ ತೂಗುಹಾಕಿದರು. ಹಿಂದೆ ಅವಳಿಗೆ ಅದನ್ನು ಸುಲಿಯುವುದು ಎರಡು ನಿಮಿಷದ ಕೆಲಸ. ಈಗ ಅರ್ಧ ಗಂಟೆ ಹಿಡಿಯಿತು. ಮುಂದೆ ಬಂದು ಸಹಾಯ ಮಾಡಲು ಅವಳು ಯಾರನ್ನೂ ಬಿಡಲಿಲ್ಲ. ಕೊನೆಗೆ ತೊಗಲು ಇಡಿಯಾಗಿ ಬಿಟ್ಟುಬಂತು, ಭುಜದ ಹತ್ತಿರ ಬೆರಳು ತೂರುವಷ್ಟು ಒಂದು ತೂತು.

‘ತೂತು ಬಿತ್ತಲ್ಲಜ್ಜಿ!’ ಎಂದ ಒಬ್ಬ ಕಿಡಿಗೇಡಿ.

‘ನಿನ್ನ ಮೂಗು ತೂರಿಸೋಕೆ ಅಂತಲೇ ಬಿಟ್ಟೆ ಕಣೋ,’ ಎಂದಳು ಸ್ಯೂಕ್ಲೆ. ಗೆಣ್ಣುಗಳು ಈಗ ಬೆಳ್ಳಗಿರಲಿಲ್ಲ. ಬಾಲ್ಬಾರಾ ನೋಡುತ್ತಿದ್ದದ್ದು ಅದನ್ನೇ.

ಮನೆಗೆ ಬಂದವಳಿಗೆ ಸುಮ್ಮನಿರಲಾಗಲಿಲ್ಲ. ಗಂಡನ ಚಾಕುವನ್ನು ಎಡಗೈಗೆ ತೆಗೆದುಕೊಂಡು, ಹೆಪ್ಪುಗಟ್ಟಿದ ಮೀನೊಂದನ್ನು ಮೇಜಿಗೆ ಒತ್ತಿ ಹೆರೆಯಲು ನೋಡಿದಳು. ಅಲಗು ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು, ಮೀನು ಹಾರಿ ಒಲೆಯ ಕೆಳಗೆ ಹೋಯಿತು. ‘ಅಬ್ಬಬ್ಬಾ,’ ಎಂದು ಒಬ್ಬಳೇ ನಕ್ಕು, ಮಂಡಿಯೂರಿ ಅದನ್ನು ಹುಡುಕತೊಡಗಿದಳು.