ಅತ್ತೆಯ ಪಡಸಾಲೆಯ ಪಾದವ್ವ

ಆಲಮಟ್ಟಿಯ ಹಿನ್ನೀರು ಅನಗವಾಡಿ ಕಡೆಯ ನಮ್ಮ ಊರಿಗೆ ಬಂದಾಗ ಜನ ಬಾಗಿಲು, ತೊಲೆ, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ನನ್ನ ಸೋದರತ್ತೆ ಮೊದಲು ಹೇರಿಸಿದ್ದು ಒಂದು ಕಲ್ಲನ್ನು. ಎರಡು ಪಾದ ಕೆತ್ತಿದ ಚಪ್ಪಡಿ. ಹಳೆಯ ಊರಿನ ಬೇವಿನ ಕಟ್ಟೆಯ ಮೇಲಿದ್ದ ಅದಕ್ಕೆ ಪಾದವ್ವ ಎಂದು ಹೆಸರು. ಬಸುರಿ ಹೆಂಗಸರು ಬಂದು ಎಣ್ಣೆ ಹಚ್ಚಿ ಕುಂಕುಮ ಬಳಿಯುತ್ತಿದ್ದರು. ಬಳಿದದ್ದನ್ನು ಯಾರೂ ತೊಳೆಯುವಂತಿಲ್ಲ. ಒಂದರ ಮೇಲೊಂದು ಕೂರಬೇಕು. ಹಾಗಾಗಿ ಪಾದಗಳ ಮೇಲೆ ಬೆರಳು ದಪ್ಪ ಕೆಂಪು ಪದರ ಕಟ್ಟಿತ್ತು. ಪುನರ್ವಸತಿ ಕೇಂದ್ರದಲ್ಲಿ ಕಟ್ಟೆ ಇರಲಿಲ್ಲ. ಅತ್ತೆ ಅದನ್ನು ತನ್ನ ಪಡಸಾಲೆಯಲ್ಲೇ ಇಟ್ಟುಕೊಂಡಳು.

ಬೆಳಗಿನ ಸ್ನಾನ, ನಡಿಗೆ ಮುಗಿಸಿ ಅತ್ತೆಯ ಮನೆಯಲ್ಲಿ ಚಹಾ ಕುಡಿಯುವುದು ನಿವೃತ್ತಿಯ ನಂತರ ನಾನು ತಪ್ಪಿಸದ ಕ್ರಮ. ಒಂದು ದಿನ ಹೋದಾಗ ಅಪರಿಚಿತನೊಬ್ಬ ಪಾದವ್ವನ ಮುಂದೆ ಕ್ಯಾಮೆರಾ ಹಿಡಿದು ಕೂತಿದ್ದ. ಕಾಲೇಜಿನ ಉಪನ್ಯಾಸಕನಂತೆ, ಬೌದ್ಧ ನೆಲೆಗಳನ್ನು ಹುಡುಕುತ್ತಾನಂತೆ. ಊರು ಬಿಡುವ ಗದ್ದಲದಲ್ಲಿ ನಮ್ಮ ಎರಡು ವೀರಗಲ್ಲುಗಳು ಕಾಣೆಯಾಗಿದ್ದವು. ಅದು ನೆನಪಾಗಿ, ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದೆ:

"ಈ ಕಲ್ಲಿನ ಸುದ್ದಿ ನಿಮಗ ಯಾರ ಹೇಳಿದ್ರಿ?"

"ಬೀಳಗಿ ಬಸ್ ನಿಲ್ದಾಣದ ಚಹಾ ಅಂಗಡಿಯವರು ಸರ್."

"ಅಂವಗ ನಮ್ಮತ್ತಿ ಪಡಸಾಲ್ಯಾಗ ಏನೈತಿ ಅಂತ ಹೆಂಗ ಗೊತ್ತರಿ?"

"ಅವರ ಹೆಂಡತಿ ಇಲ್ಲಿ ಎಣ್ಣೆ ಹಚ್ಚಿ ಹೋಗಿದ್ದಾರಂತೆ."

ಉತ್ತರ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದದ್ದೇ ನನಗೆ ಹಿಡಿಸಲಿಲ್ಲ.

ಆತ ಚೆನ್ನಾಗಿ ವಿವರಿಸಿದ. ಮೊದಮೊದಲ ಶಿಲ್ಪಿಗಳು ಬುದ್ಧನ ಮೂರ್ತಿಯನ್ನೇ ಕೆತ್ತುತ್ತಿರಲಿಲ್ಲ. ಖಾಲಿ ಪೀಠ, ಬೋಧಿವೃಕ್ಷ, ಚಕ್ರ, ಪಾದ, ಇವುಗಳಲ್ಲೇ ಆತ ಇದ್ದಾನೆಂದು ತೋರಿಸುತ್ತಿದ್ದರು. ಸನ್ನತಿಯ ಸ್ತೂಪ ಇರುವುದು ನಮ್ಮ ಭೀಮಾ ದಂಡೆಯಲ್ಲೇ. ಐಹೊಳೆಯ ಗುಡ್ಡದ ಮೇಲೂ ಬೌದ್ಧರ ಗುಡಿಯಿದೆ. ಪಾದ ಜೈನ ಮುನಿಗಳದ್ದೂ ಇರಬಹುದು, ಯಾವುದೋ ಸ್ವಾಮಿಗಳದ್ದೂ ಇರಬಹುದು. ಅಂಗಾಲಿನ ನಡುವೆ ಚಕ್ರವಿದ್ದರೆ ಮಾತ್ರ ಬುದ್ಧನದ್ದು ಎನ್ನಲು ಆಧಾರ. ಅದನ್ನು ನೋಡಲು ಕೆಂಪು ಪದರ ತೆಗೆಯಬೇಕು. ಬಿಸಿನೀರು ಸಾಕು.

"ಯಪ್ಪಾ," ಎಂದಳು ಅತ್ತೆ, "ನಿಮ್ಮವ್ವನ ಹಣಿ ಮ್ಯಾಗಿನ ಕುಂಕುಮ ಯಾರರ ಕೆರದ್ರ ಸುಮ್ಮ ಕುಂಡರ್ತೀಯೇನ?"

"ಚಕ್ರ ಸಿಕ್ರ ಮುಂದೇನ್ರಿ?" ನಾನು ಕೇಳಿದೆ.

"ಇಲಾಖೆಗೆ ತಿಳಿಸಬೇಕಾಗುತ್ತೆ. ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿರುತ್ತೆ."

"ಅಂದ್ರ ಒಯ್ತೀರಿ. ಇಲ್ಲಿ ನಾ ಏನ ಹೊಲಸ ಇಟ್ಟೀನಿ?" ಎಂದಳು ಅತ್ತೆ.

ಆತ ತಲೆ ತಗ್ಗಿಸಿದ. ಬರೀ ಮುಟ್ಟಿ ನೋಡುತ್ತೇನೆ ಎಂದ. ಅತ್ತೆ ಕೈ ತೊಳೆದುಕೊಂಡು ಬರಲು ಹೇಳಿದಳು. ಆತ ಕಣ್ಣು ಮುಚ್ಚಿ, ಹಸಿ ಎಣ್ಣೆಯಲ್ಲಿ ಬೆರಳೊತ್ತಿ ಅಂಗಾಲಿನ ನಡುವೆ ನಿಧಾನವಾಗಿ ಆಡಿಸಿದ. ಬೆರಳು ಒಂದು ಸುತ್ತು ತಿರುಗಿ ನಿಂತಿತು.

"ಏನೂ ತಿಳೀಲಿಲ್ಲ ಅಮ್ಮ," ಎಂದ. ಚಹಾ ಮುಟ್ಟಲಿಲ್ಲ. ಫೋಟೋ ತೆಗೆಯದೆ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಟ.

"ಪಾಪ, ಛಲೋ ಮನಶ್ಯಾ," ಎಂದಳು ಅತ್ತೆ. ನನಗೆ ಹಾಗನ್ನಿಸಲಿಲ್ಲ. ಅಷ್ಟು ದೂರದಿಂದ ಬಂದವನು ಏನೂ ಸಿಗದಿದ್ದರೆ ಇನ್ನೊಂದು ಸಲ ಕೇಳುತ್ತಿದ್ದ, ಬೇಡಿಕೊಳ್ಳುತ್ತಿದ್ದ. ಸಿಕ್ಕಿದ್ದಕ್ಕೇ ಸುಮ್ಮನಾಗಿರಬೇಕು. ಮುದುಕಿಯ ಮೇಲಿನ ಕನಿಕರಕ್ಕೋ, ರಾತ್ರಿ ಜೀಪು ತರುವ ಲೆಕ್ಕಕ್ಕೋ? ಅಂದೇ ಅತ್ತೆಯ ಮನೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸಿದೆ. ಬೀಳಗಿಯಿಂದ ಬರುವ ಬಸ್ಸಿನಿಂದ ಇಳಿಯುವವರನ್ನು ನೋಡುವುದೂ ನನ್ನ ಕ್ರಮಕ್ಕೆ ಸೇರಿತು. ಆತ ಬರಲಿಲ್ಲ.

ಸಂಶಯ ಮಾತ್ರ ಹೋಗಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಹಿತ್ತಲಿಗೆ ಹೋದಾಗ ಪಾದವ್ವನ ಮುಂದೆ ಕೂತು, ಆತ ಒತ್ತಿದಲ್ಲೇ ಬೆರಳೊತ್ತಿದೆ. ಜಿಡ್ಡಿನ ಕೆಳಗೆ ದುಂಡನೆಯ ಅಂಚು ತಾಕಿತು. ಅದರೊಳಗೆ ಗೆರೆಗಳಿದ್ದಂತಿತ್ತು. ಕೆತ್ತಿದವೋ, ಒಣಗಿದ ಕುಂಕುಮದ ಬಿರುಕೋ ತಿಳಿಯಲು ಉಗುರು ಹಾಕಿದೆ.

"ಲೇ, ಏನ ಹುಡುಕಾಕತ್ತಿ?"

ಅತ್ತೆ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಉಗುರಿನ ತುಂಬ ಕೆಂಪು.

"ಏನಿಲ್ಲ ಅತ್ತಿ."

"ಅಂವನೂ ಹಂಗ ಅಂದ."

ಕೊಡ ಇಳಿಸಿ ಬಂದು ನನಗೂ ಕಲ್ಲಿಗೂ ನಡುವೆ ಕೂತಳು. ಅಂದಿನಿಂದ, ನಾನು ಚಹಾ ಕುಡಿದು ಏಳುವವರೆಗೆ ಅವಳು ಪಡಸಾಲೆ ಬಿಟ್ಟು ಕದಲುವುದಿಲ್ಲ.