ಹಿನ್ನೀರಿನ ದಡದಲ್ಲಿ ಅಪ್ಪ ಕರೆದ ಹಾಜರಿ

ನನಗೆ ಈಜು ಕಲಿಸಿದ್ದು ಅಪ್ಪ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟರಾಗಿದ್ದ ಅವರು ಬೇಸಿಗೆ ರಜೆ ಬಂದರೆ ಸಾಕು, ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೇಮಾವತಿ ಹೊಳೆಗೆ ಇಳಿಸುತ್ತಿದ್ದರು. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಬೀದಿಯವರು ಕೇಳಿದರೆ, "ಹೊಳೆ ಪಕ್ಕದಲ್ಲೇ ಮನೆ ಇದೆಯಲ್ಲ, ಅದಕ್ಕೆ" ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಹಾಸನದಲ್ಲಿ ಬಿ.ಎ. ಓದುತ್ತಿದ್ದೆ. ಯುವಕರ ಸಂಘವೊಂದು ಗೊರೂರು ಹಿನ್ನೀರಿನಲ್ಲಿ ಈಜು ಸ್ಪರ್ಧೆ ನಡೆಸುತ್ತದೆಂದು ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಓದಿ ಹೆಸರು ಕೊಟ್ಟೆ. ಆ ದಿನ ಅಪ್ಪನೂ ಜೊತೆಗೆ ಬಂದರು. ಶೆಟ್ಟಿಹಳ್ಳಿ ಕಡೆಯ ದಡದಿಂದ ಹೊರಟು, ನೀರಿನ ನಡುವೆ ತಲೆ ಎತ್ತಿದ್ದ ದಿಬ್ಬವೊಂದನ್ನು ಸುತ್ತಿ, ಅದೇ ದಡಕ್ಕೆ ವಾಪಸಾಗಬೇಕು. ಹೆಣ್ಣುಮಕ್ಕಳೆಂದರೆ ನಾನು ಮತ್ತು ಚನ್ನರಾಯಪಟ್ಟಣದ ಇನ್ನೊಬ್ಬಳು, ಇಬ್ಬರೇ. ಚೂಡಿದಾರ ತೊಟ್ಟೇ ನೀರಿಗಿಳಿದೆವು. ಇಬ್ಬನಿ ಇನ್ನೂ ಪೂರ್ತಿ ಕರಗಿರಲಿಲ್ಲ. ಯಾರೋ ಸೀಟಿ ಊದಿದರು, ಎಲ್ಲರೂ ಒಟ್ಟಿಗೆ ಧುಮುಕಿದೆವು. ಅಷ್ಟೇ ಏರ್ಪಾಡು.

ದಿಬ್ಬ ಸುತ್ತಿ ಬರುವಾಗ ನನ್ನ ಮುಂದೆ ಅರಕಲಗೂಡು ಕಡೆಯ ರೈತನೊಬ್ಬ ಈಜುತ್ತಿದ್ದ. ಬಾವಿಯಲ್ಲಿ ಈಜಿ ಬೆಳೆದ ಗಟ್ಟಿಮುಟ್ಟಾದ ಆಳು. ಇದ್ದಕ್ಕಿದ್ದಂತೆ ಅವನು ಮುಂದೆ ಹೋಗುವುದನ್ನು ನಿಲ್ಲಿಸಿದ. ಕೂಗಲಿಲ್ಲ, ಕೈ ಬೀಸಲಿಲ್ಲ. ಮುಖ ಆಕಾಶಕ್ಕೆ ಎತ್ತಿ, ಎರಡೂ ಅಂಗೈಯಿಂದ ನೀರನ್ನು ಕೆಳಕ್ಕೆ ಒತ್ತುತ್ತಿದ್ದ. ಬಾವಿಯಲ್ಲಾದರೆ ಸುಸ್ತಾದಾಗ ಹಿಡಿಯಲು ಮೆಟ್ಟಿಲಿರುತ್ತದೆ. ಇಲ್ಲಿ ಏನಿತ್ತು? ಮುಳುಗುವವರು ಬೊಬ್ಬೆ ಹಾಕುತ್ತಾರೆ ಎಂದುಕೊಂಡಿದ್ದ ನನಗೆ ಅವನು ಮುಳುಗುತ್ತಿದ್ದಾನೆಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಹತ್ತಿರ ಹೋದೆ. ಅವನು ನನ್ನ ಕತ್ತನ್ನು ತಬ್ಬಿಕೊಂಡ. ಇಬ್ಬರೂ ಕೆಳಗೆ ಹೋದೆವು. ಕಿವಿಯಲ್ಲಿ ನೀರು ಗುಂಯ್‌ಗುಟ್ಟಿದ್ದು, ಬಾಯಲ್ಲಿ ಕೆಸರಿನ ರುಚಿ ತುಂಬಿದ್ದು ಈಗಲೂ ನೆನಪಿದೆ.

ಒದ್ದಾಡಿ ಮೇಲೆ ಬಂದಾಗ ಎದುರಿಗೆ ಒಂದು ತೆಪ್ಪ. ಬಲೆ ಎತ್ತಲು ಬಂದಿದ್ದ ಬೆಸ್ತರ ಮುದುಕನೊಬ್ಬ ಹುಟ್ಟನ್ನು ನಮ್ಮತ್ತ ಚಾಚಿದ್ದ.

"ಅವನ್ನ ಬುಟ್ಬುಡವ್ವ. ಈ ಕೋಲ್ ಇಡ್ಕೊ. ಲೇ, ನೀನೂ ಇಡ್ಕಳಲಾ."

ಇಬ್ಬರೂ ಹಿಡಿದೆವು. ಮುದುಕ ನಮ್ಮನ್ನು ತೆಪ್ಪದೊಳಕ್ಕೆ ಹತ್ತಿಸಲಿಲ್ಲ. ಹತ್ತಿಸಿದ್ದರೆ ತೆಪ್ಪವೇ ಮಗುಚುತ್ತಿತ್ತು. ಅದರ ಅಂಚಿಗೆ ನೇತುಹಾಕಿಕೊಂಡು ನಿಧಾನವಾಗಿ ದಡಕ್ಕೆ ತಂದ.

ದಡದಲ್ಲಿ ಮೈಕಿನಲ್ಲಿ ಗೆದ್ದವರ ಹೆಸರು ಕೂಗುತ್ತಿದ್ದರು. ನಾವಿಬ್ಬರು ಇನ್ನೂ ನೀರಿನಲ್ಲಿದ್ದೇವೆಂಬುದು ಅಪ್ಪನೊಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಪಂಚೆ ನೆನೆಸಿಕೊಂಡು ನಿಂತಿದ್ದ ಅಪ್ಪ ನನಗೆ ಟವೆಲ್ ಹೊದಿಸಿ, ಸಂಘದ ಕಾರ್ಯದರ್ಶಿಯ ಬಳಿ ಹೋಗಿ ಕೇಳಿದರು: "ಒಟ್ಟು ಎಷ್ಟು ಜನ ನೀರಿಗಿಳಿದಿದ್ದರು?"

"ಮೂವತ್ತೋ ಮೂವತ್ತೆಲ್ಡೋ ಇರ್ಬೇಕು ಸಾ."

ಅಪ್ಪ ಬೈಯಲಿಲ್ಲ. ನನ್ನನ್ನು ಬಸ್ಸು ಹತ್ತಿಸಿ ಊರಿಗೆ ಕರೆತಂದರು.

ಇನ್ನು ನನ್ನನ್ನು ಕಳಿಸುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಮರುವರ್ಷ ಸ್ಪರ್ಧೆಗೆ ಮೊದಲು ಅರಕಲಗೂಡಿನಲ್ಲಿ ಸಂಘದ ಸಭೆ ನಡೆದಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಆ ಮುದುಕನಿಗೂ ಹೇಳಿಕಳಿಸಿದ್ದರು. ಕಾರ್ಯದರ್ಶಿ ಶುಂಠಿ ಬೆಳೆಯುವವರು, ಒಳ್ಳೆಯ ಮನುಷ್ಯ. "ಇಲ್ಲೀಗಂಟ ಏನೂ ಆಗಿಲ್ವಲ್ಲ ಸಾ" ಎಂದರು.

"ಆಗುವುದರಲ್ಲಿತ್ತು. ನನ್ನ ಮಗಳೇ ಇದ್ದಳು," ಎಂದರು ಅಪ್ಪ. "ನಾನು ದಿನಾ ಬೆಳಗ್ಗೆ ಐವತ್ತು ಮಕ್ಕಳ ಹಾಜರಿ ಕರೀತೀನಿ. ನಾಲ್ಕು ಗೋಡೆ ಒಳಗೆ ಕೂತಿರೋ ಮಕ್ಕಳಿಗೇ ಅಷ್ಟು ಮಾಡ್ತೀವಿ. ನೀರಿಗೆ ಇಳಿಯೋರಿಗೆ ಬೇಡವೇ?"

ಮೂಲೆಯಲ್ಲಿ ನಿಂತಿದ್ದ ಮುದುಕ ಆಗ ಬಾಯಿ ಬಿಟ್ಟ. "ಬ್ಯಾಸ್ಗೇಲಿ ನೀರು ಇಳ್ದಾಗ ಬಂದು ನೋಡಿ ಸಾ. ದಿಬ್ಬದ ಬಡಗಲ ಕಡೀಕೆ ಬರೀ ಮರದ ಬೊಡ್ಡೆಗಳೇ. ನೀರು ತುಂಬ್ಕಂಡ್ರೆ ಒಂದೂ ಕಾಣಕಿಲ್ಲ. ಅದ್ರ ಮ್ಯಾಲೇ ಈಜುಸ್ತಿದ್ದೀರಿ ನೀವು."

ಆ ವರ್ಷ ದಿಬ್ಬವನ್ನು ಸುತ್ತದೆ, ಅದರ ತೆಂಕಲ ಬದಿ ಮುಟ್ಟಿ ಹಿಂದಿರುಗುವಂತೆ ದಾರಿ ಬದಲಾಯಿತು. ಮುದುಕನೂ ಅವನ ಕಡೆಯ ಮೂವರೂ ತೆಪ್ಪ ತಂದರು. ಪ್ರತಿ ತೆಪ್ಪದಲ್ಲೂ ಗಾಳಿ ತುಂಬಿದ ಲಾರಿ ಟ್ಯೂಬು, ಅದಕ್ಕೊಂದು ಹಗ್ಗ. ದೂರದಿಂದ ತಲೆ ಕಾಣಲೆಂದು ಅಮ್ಮ ಕೆಂಪು ಬಟ್ಟೆಯ ಟೋಪಿಗಳನ್ನು ಹೊಲಿದುಕೊಟ್ಟಳು. ಅಪ್ಪ ಹೊಸ ಹಾಜರಿ ಪುಸ್ತಕ ಹಿಡಿದು ದಡದಲ್ಲಿ ಮೇಜು ಹಾಕಿಕೊಂಡು ಕೂತರು. ಮೀಸೆ ಹೊತ್ತ ಗಂಡಸರು "ಹಾಜರ್ ಸಾರ್" ಎನ್ನುತ್ತ ನಗುನಗುತ್ತಾ ನೀರಿಗಿಳಿದರು.

ಸ್ಪರ್ಧೆ ಮುಗಿದು ಮತ್ತೆ ಹಾಜರಿ ಕರೆದಾಗ ಒಬ್ಬನ ಹೆಸರಿಗೆ ಉತ್ತರ ಬರಲಿಲ್ಲ. ಅಪ್ಪ ಇನ್ನೊಮ್ಮೆ ಕರೆದರು. ಮೈಕು ನಿಂತಿತು. ಬಹುಮಾನದ ಮೇಜಿನ ಸುತ್ತ ಇದ್ದವರೆಲ್ಲ ನೀರಿನ ಕಡೆ ತಿರುಗಿದರು. ನಾಲ್ಕೂ ತೆಪ್ಪಗಳು ವಾಪಸು ಹೊರಟವು. ಮುದುಕ ಉದ್ದನೆಯ ಬಿದಿರಿನ ಕೋಲನ್ನು ನೀರೊಳಕ್ಕೆ ಇಳಿಸಿ ಇಳಿಸಿ ನೋಡುತ್ತಿದ್ದ. ಅಪ್ಪ ಹಾಜರಿ ಪುಸ್ತಕ ಹಿಡಿದೇ ನೀರಿಗಿಳಿದು ಆ ಹೆಸರು ಕೂಗುತ್ತಿದ್ದರು.

ಒಂದು ಗಂಟೆಯ ಮೇಲೆ ಸಂಘದವರೊಬ್ಬರು ಬೈಕಿನಲ್ಲಿ ಅವನನ್ನು ಕೂರಿಸಿಕೊಂಡು ಬಂದರು. ಅರ್ಧ ದಾರಿಯಲ್ಲಿ ಕಾಲು ಹಿಡಿದುಕೊಂಡಿದ್ದಕ್ಕೆ ಪಕ್ಕದ ದಡ ಹತ್ತಿ, ಗದ್ದೆ ಬದುವಿನ ಮೇಲೆ ನಡೆದು ಊರು ಸೇರಿಬಿಟ್ಟಿದ್ದನಂತೆ. ಇವರು ಹೋದಾಗ ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದನಂತೆ. ಕಾರ್ಯದರ್ಶಿ ಕೈ ಎತ್ತಿಕೊಂಡು ಹೊಡೆಯಲು ಹೋದರು. ಅಪ್ಪ ತಡೆದರು.

"ಯಾಕಪ್ಪಾ ಹೇಳದೆ ಹೋದೆ?"

ಅವನು ತಲೆ ತಗ್ಗಿಸಿದ. "ಸೋತೋನು ಏನಂತ ಬಂದು ಯೋಳಾದು ಸಾ? ಊರೋರೆಲ್ಲ ನೋಡಕ್ ಬಂದಿದ್ರು."

ಅಪ್ಪ ಅವನ ಹೆಸರಿನ ಮುಂದೆ ಗುರುತು ಹಾಕಿ, ಅವನ ಬೆನ್ನು ಮುಟ್ಟಿದರು. ಆಮೇಲೆ ಕಾರ್ಯದರ್ಶಿಯವರನ್ನು ಪಕ್ಕಕ್ಕೆ ಕರೆದು ತುಂಬಾ ಹೊತ್ತು ಮಾತಾಡಿದರು.

ಮುಂದಿನ ವರ್ಷದಿಂದ ಹೊಸ ಪದ್ಧತಿ ಬಂತು. ನಡುವೆ ಬಿಟ್ಟು ಬಂದವರ ಹೆಸರನ್ನೂ ಮೈಕಿನಲ್ಲಿ ಕೂಗಿ, ಮೇಜಿನ ಬಳಿ ಬಂದವರಿಗೆಲ್ಲ ಬಿಸಿ ಕಾಫಿ ಕೊಡುತ್ತಿದ್ದರು. ಮೊದಮೊದಲು ಜನ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಲು ಕಲಿತರು. ಸುಸ್ತಾದವರು ಧೈರ್ಯವಾಗಿ ಕೈ ಎತ್ತಿ ತೆಪ್ಪ ಕರೆಯತೊಡಗಿದರು. ಹೊಸ ಶತಮಾನ ಬಂದ ಮೇಲೂ ಕೆಲವು ವರ್ಷ ಸ್ಪರ್ಧೆ ನಡೆಯಿತು. ಯಾರೂ ಮುಳುಗಲಿಲ್ಲ.

ಕೊನೆಯ ಸ್ಪರ್ಧೆಯ ಹೊತ್ತಿಗೆ ನನಗೆ ಹಾಸನದಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಅಭ್ಯಾಸ ತಪ್ಪಿತ್ತು. ದಿಬ್ಬ ಮುಟ್ಟುವ ಮುಂಚೆಯೇ ಮೀನಖಂಡ ಹಿಡಿದುಕೊಂಡಿತು. ಅಷ್ಟು ವರ್ಷ ಈಜಿದವಳು ಕೈ ಎತ್ತುವುದಕ್ಕೆ ನಾನೂ ಒಂದು ಕ್ಷಣ ಹಿಂಜರಿದೆ. ಆಮೇಲೆ ಎತ್ತಿದೆ. ಟ್ಯೂಬು ಹಿಡಿದು ದಡಕ್ಕೆ ಬಂದು, ಕುಂಟುತ್ತಾ ಮೇಜಿನ ಮುಂದೆ ನಿಂತೆ. ಅಪ್ಪ ಕನ್ನಡಕದ ಮೇಲಿಂದ ನೋಡಿದರು.

"ಕಾಲಾ?"

"ಹೂಂ ಅಪ್ಪ."

"ಉಪ್ಪಿನ ಶಾಖ ಕೊಟ್ಟರೆ ಹೋಗುತ್ತೆ. ಕೂತ್ಕೋ." ತಮ್ಮ ಕುರ್ಚಿ ಬಿಟ್ಟುಕೊಟ್ಟು, ನಿಂತುಕೊಂಡೇ ಮುಂದಿನ ಹೆಸರು ಹುಡುಕತೊಡಗಿದರು. ನಾನು ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು, ನೀರಿನ ಮೇಲೆ ಒಂದೊಂದಾಗಿ ಹತ್ತಿರವಾಗುತ್ತಿದ್ದ ಕೆಂಪು ಟೋಪಿಗಳನ್ನು ನೋಡುತ್ತಾ ಕೂತೆ. ಬಿಸಿಲು ಚೆನ್ನಾಗಿತ್ತು.