ಮೊಳೆಗೆ ಹಾಕಿದ ಟವೆಲ್

ಬೆಳಗಿನ ಐದು ಗಂಟೆ. ಸರ್ಕಾರಿ ಸಗಟು ತರಕಾರಿ ಮಾರುಕಟ್ಟೆಯ ಹಿಂಭಾಗದಲ್ಲಿ ಆರು ಶೀತಲ ಕೋಣೆಗಳು ಸಾಲಾಗಿವೆ. ಗಂಡಸರ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಪೊರಕೆಯನ್ನು ಗೋಡೆಗೊರಗಿಸಿ ಮೂರನೇ ಬಾಗಿಲ ಪಕ್ಕದ ಮೊಳೆಗಳ ಮೇಲೆ ಬೆರಳಾಡಿಸುತ್ತಾರೆ. ನಾಲ್ಕು ಖಾಲಿ, ಒಂದರಲ್ಲಿ ಕೆಂಪು ಟವೆಲ್.

“ಲೋ ಕೆಂಪು ಟವೆಲ್, ಒಳಗೇ ಸಂಸಾರ ಹೂಡಿದ್ಯೇನೋ?”

“ಬಂದೆ ಮೊಳೆಯಕ್ಕ, ಈ ಕ್ಯಾರೆಟ್ ಮೂಟೆ ನನ್ನ ಬಿಡ್ತಿಲ್ಲ!”

ಹಮಾಲಿ ಹೊರಬಂದು ಟವೆಲ್ ಹೆಗಲಿಗೆ ಹಾಕಿಕೊಂಡ ಮೇಲೆಯೇ ಅವರು ಬಾಗಿಲು ಎಳೆದು ಅಗಣಿ ಹಾಕುವುದು.

ಇಲ್ಲಿನ ಪದ್ಧತಿ ಇದು: ಒಳಗೆ ಹೋಗುವವರು ಟವೆಲ್ಲನ್ನು ಹೊರಗಿನ ಮೊಳೆಗೆ ಹಾಕಬೇಕು. ಬಾಗಿಲಿಗೆ ಒಳಗಡೆ ಹಿಡಿಕೆಯಿಲ್ಲ. ಗೋಡೆ ದಪ್ಪ, ಬಾಗಿಲು ಮುಚ್ಚಿದ ಮೇಲೆ ಕೂಗಿದರೆ ಯಾರಿಗೂ ಕೇಳದು. ಮೊಳೆಯಕ್ಕ ಸಂಬಳಕ್ಕೆ ಕಸ ಗುಡಿಸುವವರು. ಬಾಗಿಲು ಕಾಯುವುದು ಯಾರ ಕೆಲಸವೆಂದು ಎಲ್ಲೂ ಬರೆದಿಲ್ಲ. ದಿನಕ್ಕೆ ನಲವತ್ತು ಸಲವಾದರೂ ಬಾಗಿಲು ಮುಚ್ಚುತ್ತದೆ. ಅಷ್ಟೂ ಸಲ ಅವರು ಪೊರಕೆ ಬಿಟ್ಟು ಬರುತ್ತಾರೆ.

ಒಂಬತ್ತು ವರ್ಷದ ಹಿಂದೆ ಅವರ ತಮ್ಮನೂ ಇಲ್ಲಿ ಹಮಾಲಿಯಾಗಿದ್ದ. ಒಂದು ಶನಿವಾರ ಸಂಜೆ ಮೊಳೆಯಲ್ಲಿದ್ದ ಅವನ ಟವೆಲ್ ತೀರಾ ಕೊಳೆಯಾಗಿ ಕಂಡಿತು. ಅಕ್ಕ ಅದನ್ನು ತೆಗೆದುಕೊಂಡು ಒಗೆಯಲು ನಲ್ಲಿಗೆ ಹೋದರು. ಖಾಲಿ ಮೊಳೆ ಕಂಡ ಕಾವಲುಗಾರ ಬೀಗ ಹಾಕಿ ಮನೆಗೆ ನಡೆದ. ಮರಳಿ ಬಂದು ಬೀಗ ಕಂಡ ಅಕ್ಕ, ತಮ್ಮ ಆಗಲೇ ಹೊರಬಂದು ಹೋಗಿದ್ದಾನೆಂದುಕೊಂಡರು. ಭಾನುವಾರ ರಜೆ. ಲಾರಿಯ ಜೊತೆ ಪರವೂರಿಗೆ ಹೋಗಿರಬೇಕೆಂದು ಮನೆಯವರು ಸುಮ್ಮನಿದ್ದರು. ಸೋಮವಾರ ಬಾಗಿಲು ತೆಗೆದಾಗ ತಮ್ಮ ಅದಕ್ಕೇ ಒರಗಿ ಕೂತಲ್ಲೇ ಮರಗಟ್ಟಿದ್ದ.

“ನನ್ನ ಕೈಯಾರೆ ತೆಗ್ದೆ,” ಎನ್ನುತ್ತಾರೆ ಮೊಳೆಯಕ್ಕ. “ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

ತಮ್ಮನ ಹೆಂಡತಿ ಈಗಲೂ ಅವರ ಜೊತೆಯಲ್ಲೇ ಒಂದೇ ಕೋಣೆಯ ಮನೆಯಲ್ಲಿ ಇದ್ದಾಳೆ. ಆ ಬಾಗಿಲಿಗೆ ಚಿಲಕವಿದೆ, ಇಬ್ಬರೂ ಹಾಕುವುದಿಲ್ಲ.

ಈ ವರ್ಷ ಮಾರುಕಟ್ಟೆಯ ಆಡಳಿತ ಸುಧಾರಣೆ ನಡೆದಿದೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ದರದ ಫಲಕ ಬಂದಿದೆ, ಹೊಸ ಸಮಿತಿ ಕೂತಿದೆ. ತೂಕದ ಮೋಸ ತಗ್ಗಿದ್ದು ನಿಜ. ಹಿಡಿಕೆ ಕೇಳಿ ಮೊಳೆಯಕ್ಕ ಕೊಟ್ಟ ಏಳನೇ ಅರ್ಜಿ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ.

ಕೋಣೆ ನೋಡಲು ಬಂದ ಹೊಸ ಅಧಿಕಾರಿಯನ್ನೂ ಅವರು ಬಾಗಿಲಲ್ಲೇ ತಡೆದಿದ್ದರು. “ಸಾಹೇಬ್ರೇ, ಟವೆಲ್?”

“ನನ್ನ ಹತ್ರ ಎಲ್ಲಿಂದ ಬರ್ಬೇಕಮ್ಮ ಟವೆಲ್!”

“ಕರ್ಚೀಫಾದ್ರೂ ಕೊಡಿ. ಈ ಚಳಿ ಸಾಹೇಬ್ರು, ಹಮಾಲಿ ಅಂತ ನೋಡಲ್ಲ.”

ಅಧಿಕಾರಿ ನಗುತ್ತ ಕೊಟ್ಟರು. ಹೊರಬರುವಾಗ ನಗುತ್ತಿರಲಿಲ್ಲ.

ಆದರೂ ಕಳೆದ ವಾರ ಸುಣ್ಣಬಣ್ಣಕ್ಕೆ ಬಂದವರು ಅಷ್ಟೂ ಮೊಳೆ ಕಿತ್ತರು. ಮರುದಿನವೇ ಮೊಳೆಯಕ್ಕ ಸುತ್ತಿಗೆ ತಂದು ಹಳೇ ತೂತುಗಳಿಗೇ ಮೂವತ್ತು ಮೊಳೆ ಹೊಡೆದರು. ಹೊಸ ಗೋಡೆ ಹಾಳುಮಾಡಿದ್ದಕ್ಕೆ ನೋಟಿಸ್ ಬಂತು. ಮೊಳೆ ಕೀಳಬೇಕು, ಇಲ್ಲವೇ ಕೆಲಸ ಬಿಡಬೇಕು. ಉತ್ತರ ಕೊಡಲು ಇವತ್ತೇ ಕೊನೆಯ ದಿನ.

“ಏನಂತ ಬರ್ಸಿದೆ ಅಕ್ಕಾ?” ಕೆಂಪು ಟವೆಲ್ಲಿನವನು ಕೇಳುತ್ತಾನೆ.

“ಜಾಸ್ತಿ ಏನಿಲ್ಲಪ್ಪ.” ಸ್ವೆಟರಿನೊಳಗಿನ ಕಾಗದವನ್ನು ಅವರು ಮುಟ್ಟಿ ನೋಡಿಕೊಳ್ಳುತ್ತಾರೆ. “ಆರೂ ಬಾಗ್ಲಿಗೆ ಒಳಗಡೆ ಹಿಡಿಕೆ ಹಾಕ್ಸಿ. ಅವತ್ತೇ ಬಂದು ಮೊಳೆ ನಾನೇ ಕೀಳ್ತೀನಿ.”